ಬೇಡ ಎನ್ನುವ ಮಕ್ಕಳಿಗೆ ಫ್ರೆಂಚ್ ಕಲಿಸಿದ್ದು

ಫ್ರೆಂಚ್‌ನಲ್ಲಿ ಎಂ.ಎ. ಮಾಡಿ ನಮ್ಮ ಕಡೆಯ ಪಿಯು ಕಾಲೇಜುಗಳಿಗೆ ಹೊಸದಾಗಿ ಸೇರುವವರು ಒಮ್ಮೊಮ್ಮೆ ನನಗೆ ಫೋನ್ ಮಾಡುತ್ತಾರೆ. ಯಾವ ವ್ಯಾಕರಣ ಪುಸ್ತಕ ಒಳ್ಳೆಯದು, ಡಿಸೆಂಬರಿನೊಳಗೆ ಎಷ್ಟು ಪಾಠ ಮುಗಿಸಬೇಕು ಎಂದೆಲ್ಲ ಕೇಳುತ್ತಾರೆ. ಗೊತ್ತಿದ್ದಷ್ಟು ಹೇಳುತ್ತೇನೆ. ಆದರೆ ಮುಂದೆ ಒಂದು ತಟ್ಟೆ ತಿಂಡಿ ಇಟ್ಟರೆ ನಮ್ಮ ಮಕ್ಕಳು ಏನು ಮಾಡುತ್ತಾರೆ ಎಂದು ಈವರೆಗೆ ಒಬ್ಬರೂ ಕೇಳಿಲ್ಲ. ನನ್ನ ನೌಕರಿಯ ಕೊನೆಯ ಎರಡು ವರ್ಷ, ನಮ್ಮ ಕಾಲೇಜಿನಲ್ಲಿ ಫ್ರೆಂಚ್ ಉಳಿಯುತ್ತದೋ ಇಲ್ಲವೋ ಎಂಬ ಪ್ರಶ್ನೆ ನಿಂತದ್ದೇ ಆ ತಟ್ಟೆಯ ಮೇಲೆ. ಕೇಳದಿದ್ದರೂ ಹೇಳಿಬಿಡುತ್ತೇನೆ.

ನಾನು ಕಲಿಸಿದ ಕಾಲೇಜು ಮೂಡುಬಿದಿರೆಯ ಹತ್ತಿರ. ನನ್ನ ಮನೆ ಕಲ್ಲಡ್ಕ. ಬಿ.ಸಿ. ರೋಡಿನಲ್ಲಿ ಬಸ್ ಬದಲಿಸಿ ಸಿದ್ಧಕಟ್ಟೆಯ ದಾರಿಯಾಗಿ ಹೋಗಬೇಕು. ಇಪ್ಪತ್ತೇಳು ವರ್ಷ ಆ ಬಸ್ಸಿನಲ್ಲಿ ಕುಳಿತು ಫ್ರೆಂಚ್ ಕ್ರಿಯಾಪದಗಳನ್ನು ಗೊಣಗಿದ್ದೇನೆ. ಕಂಡಕ್ಟರ್ ಲೋಕೇಶ ನಾನು ಯಾವುದೋ ಸ್ತೋತ್ರ ಹೇಳುತ್ತಿದ್ದೇನೆ ಎಂದು ತಿಳಿದು, ಕಿಟಕಿ ಬದಿಯ ಸೀಟಿನಿಂದ ಗಂಡಸರನ್ನು ಎಬ್ಬಿಸಿ ನನಗೆ ಕೊಡಿಸುತ್ತಿದ್ದ. ಸೀಟು ಒಳ್ಳೆಯದಿತ್ತು, ಹಾಗಾಗಿ ನಾನು ತಿದ್ದಲು ಹೋಗಲಿಲ್ಲ.

ನಮ್ಮ ಕಡೆ ಮಕ್ಕಳು ಫ್ರೆಂಚ್ ತೆಗೆದುಕೊಳ್ಳುವುದು ಫ್ರಾನ್ಸಿಗೆ ಹೋಗಲು ಅಲ್ಲ, ಅಂಕಕ್ಕೆ. ಇದನ್ನು ಮೊದಲ ದಿನವೇ ತಿಳಿದುಕೊಂಡರೆ ಆಮೇಲೆ ಬೇಸರವಾಗುವುದಿಲ್ಲ. ಜೂನ್ ತಿಂಗಳಲ್ಲಿ ಎಡ್ಮಿಶನ್ ಮೇಜಿನ ಮುಂದೆ ಕುಳಿತ ತಂದೆಯರು ನನ್ನನ್ನು ಅಕ್ಕಿ ಅಂಗಡಿಯವರನ್ನು ಕೇಳಿದ ಹಾಗೆ ಕೇಳುತ್ತಿದ್ದರು. “ಕನ್ನಡಕ್ಕೆ ತೊಂಬತ್ತು ಬರ್ತದೆ ಹೇಳ್ತಾರೆ. ಸಂಸ್ಕೃತಕ್ಕೆ ತೊಂಬತ್ತೆಂಟು. ನಿಮ್ಮದರಲ್ಲಿ ಎಷ್ಟು ಬರ್ತದೆ ಮೇಡಂ?” ಒಮ್ಮೆ ಹೋಟೆಲಿನವರೊಬ್ಬರು ಮಗನ ಹೆಗಲ ಮೇಲೆ ಕೈಯಿಟ್ಟು, “ಮಾತಾಡ್ಲಿಕ್ಕೆ ಎಲ್ಲ ಕಲಿಸುವುದು ಬೇಡ ಮೇಡಂ, ಇವ ಈಗಲೇ ಜಾಸ್ತಿ ಮಾತಾಡ್ತಾನೆ” ಎಂದರು. ಬಹಳ ವರ್ಷ ನಾನೂ ಮಾತಾಡಲು ಕಲಿಸಲಿಲ್ಲ. ಪರೀಕ್ಷೆ ಬರವಣಿಗೆಯದ್ದು. ಬರೆದರು, ಅಂಕ ತೆಗೆದರು, ಎಂಜಿನಿಯರಿಂಗಿಗೆ ಹೋದರು.

ಸೇರಿದ ಹೊಸತರಲ್ಲಿ ನನಗೂ ಫ್ರೆಂಚ್ ಮಾತಾಡುವ ಮನುಷ್ಯರ ಪರಿಚಯ ಇರಲಿಲ್ಲ. ಬಿ.ಎ.ಯಲ್ಲಿ ಎರಡನೇ ಭಾಷೆಯಾಗಿ ಓದಿ, ಎಂ.ಎ.ಯನ್ನು ಅಂಚೆಯ ಮೂಲಕ ಮುಗಿಸಿದವಳು ನಾನು. ಉಚ್ಚಾರಣೆಗೆ ಅಂತ ಕಾಲೇಜಿನಲ್ಲಿ ಒಂದೇ ಒಂದು ಕ್ಯಾಸೆಟ್ ಇತ್ತು. ಟೇಪ್ ರೆಕಾರ್ಡರ್ ಎನ್.ಎಸ್.ಎಸ್. ಕೋಣೆಯದ್ದು, ಶ್ರಮದಾನದ ಶಿಬಿರಗಳಿಗೆ ಹೋಗಿ ಹೋಗಿ ಅರ್ಧ ಜೀವ ಆಗಿತ್ತು. ಅದರ ಬ್ಯಾಟರಿ ಇಳಿದದ್ದು ನನಗೆ ಗೊತ್ತಾಗಲಿಲ್ಲ. ಮೊದಲ ಎರಡು ತಿಂಗಳು ಮಕ್ಕಳು ಕೇಳಿದ್ದು ಸುಸ್ತಾದ ಗಂಡಸೊಬ್ಬ ಬಾವಿಯೊಳಗಿಂದ ಎಳೆದೆಳೆದು ಮಾತಾಡುವಂಥ ಫ್ರೆಂಚನ್ನು. ಅವರು ಹಾಗೆಯೇ ಕಲಿತರು. ನಾನೂ ಹಾಗೆಯೇ ಕಲಿಸಿದೆ, ಮುಚ್ಚಿಟ್ಟು ಏನು ಪ್ರಯೋಜನ. ದಸರಾ ರಜೆ ಕಳೆದು ಬಂದಾಗ ಯಾರೋ ಹೊಸ ಬ್ಯಾಟರಿ ಹಾಕಿದ್ದರು. ಅದೇ ಗಂಡಸು ಕೀರಲು ದನಿಯಲ್ಲಿ, ಬಸ್ಸು ತಪ್ಪುವ ಗಡಿಬಿಡಿಯಲ್ಲಿ ಇರುವವನ ಹಾಗೆ ಮಾತಾಡತೊಡಗಿದ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಮೇಡಂ, ಕ್ಯಾಸೆಟ್ ಬದಲಾಗಿದೆ. ನಮ್ಮದರಲ್ಲಿ ಇವರು ಇರ್ಲಿಲ್ಲ” ಎಂದ. ಇಡೀ ತರಗತಿ ಹಳೆಯ ಗಂಡಸೇ ಬೇಕೆಂದು ಹಟ ಹಿಡಿಯಿತು.

ಇನ್ನೊಂದು ತಪ್ಪು ಪತ್ರಲೇಖನದ್ದು. ರಜೆಯಲ್ಲಿ ಏನು ಮಾಡಿದೆ ಎಂದು ಗೆಳೆಯನಿಗೆ ಪತ್ರ ಬರೆಯಿರಿ ಎಂಬ ಪ್ರಶ್ನೆ ಪ್ರತಿ ವರ್ಷ ಬರುತ್ತಿತ್ತು. ನಾನು ಬೋರ್ಡಿನ ಮೇಲೆ ಒಂದು ಮಾದರಿ ಪತ್ರ ಬರೆದೆ. ಸಮುದ್ರದ ಹತ್ತಿರದ ಮಾವನ ಮನೆಗೆ ಹೋದೆ, ಈಜಿದೆ, ಮೀನು ತಿಂದೆ, ಬಹಳ ಸಂತೋಷವಾಯಿತು. ಮಕ್ಕಳು ಅದನ್ನು ಒಂದಕ್ಷರ ಆಚೀಚೆ ಆಗದಂತೆ ಬಾಯಿಪಾಠ ಮಾಡಿದರು. ಪೂರ್ವಸಿದ್ಧತಾ ಪರೀಕ್ಷೆಯ ಪತ್ರಿಕೆಗಳನ್ನು ಬೇರೆ ಕಾಲೇಜಿನವರು ತಿದ್ದುವುದು ಪದ್ಧತಿ. ತಿದ್ದಿದವರು ನನಗೆ ಫೋನ್ ಮಾಡಿ ಕೇಳಿದರು, “ಯಾರು ಮಾರಾಯ್ರೆ ಈ ಮಾವ? ಇಪ್ಪತ್ತಮೂರು ಮಕ್ಕಳು ಇವರ ಮನೆಯಲ್ಲೇ ಇದ್ರಲ್ಲ ರಜೆಯಿಡೀ!”

ಅಷ್ಟಕ್ಕೇ ಮುಗಿಯಲಿಲ್ಲ. ಆ ತರಗತಿಯಲ್ಲಿ ಮೂಡುಬಿದಿರೆಯ ಜೈನ ಮನೆತನದ ಹುಡುಗ ಸನ್ಮತಿ ಇದ್ದ. ಅವನ ತಂದೆ ನೋಟ್ ಪುಸ್ತಕ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದರು. ಫ್ರೆಂಚ್ ಸಾಲುಗಳ ಕೆಳಗೆ ಮಗ ಪೆನ್ಸಿಲಿನಲ್ಲಿ ಕನ್ನಡ ಅರ್ಥ ಬರೆದಿದ್ದ. ಅವರು ಬಹಳ ಮೆಲ್ಲಗೆ ಮಾತಾಡುವವರು. “ಮೇಡಂ, ನಮ್ಮ ಮನೆಗೆ ನಾವು ನೀರುಳ್ಳಿ ಸಹ ತರುವುದಿಲ್ಲ. ಇವ ಬಂಗುಡೆ ತಿಂದದ್ದು ಯಾವಾಗ?” ಎಂದರು.

“ಬಂಗುಡೆ ಅಲ್ಲ ಸರ್, ಬರೇ ಮೀನು” ಎಂದೆ. ಹೇಳಿ ಮುಗಿಸಿದ ಮೇಲೆ ಅದರಿಂದ ಏನೂ ಉಪಕಾರ ಆಗಲಿಲ್ಲ ಎಂದು ಗೊತ್ತಾಯಿತು. ಮರುವರ್ಷದಿಂದ ಮಾವನ ಮನೆಯಲ್ಲಿ ಮಾವಿನಹಣ್ಣು ತಿನ್ನಿಸಿದೆ. ನೀವೂ ಹಾಗೆಯೇ ಮಾಡಿ.

ಕ್ಯಾಸೆಟ್ ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಎಲ್ಲರ ಫೋನಿನಲ್ಲೂ ಫ್ರಾನ್ಸಿನವರು ಬಂದು ಕುಳಿತರು. ಆ ಹೊತ್ತಿಗೆ ನಮಗೆ ಹೊಸ ಪ್ರಿನ್ಸಿಪಾಲರು ಬಂದರು, ಸದಾಶಿವ ಸರ್. ಭೌತಶಾಸ್ತ್ರದವರು. ಒಳ್ಳೆಯ ಮನುಷ್ಯ, ಆದರೆ ಅಳೆಯಲಾಗದ್ದನ್ನು ನಂಬುವವರಲ್ಲ. ಕೈಗಡಿಯಾರವನ್ನು ಅಂಗೈ ಬದಿಗೆ ತಿರುಗಿಸಿ ಕಟ್ಟಿಕೊಳ್ಳುತ್ತಿದ್ದರು. ನಮ್ಮ ಜೊತೆ ಮಾತಾಡುವಾಗ ಕೈ ಮುಗಿದು ನಿಂತ ಹಾಗೆ ಕಂಡರೂ ಅವರು ನೋಡುತ್ತಿದ್ದದ್ದು ಗಂಟೆಯನ್ನು. ಒಂದು ದಿನ ನನ್ನನ್ನು ಕರೆದು ಕೇಳಿದರು.

“ಜಯಂತಿ ಮೇಡಂ, ನಿಮ್ಮ ಮಕ್ಕಳು ಫ್ರೆಂಚ್ ಮಾತಾಡ್ತಾರಾ?”

“ಬರೀತಾರೆ ಸರ್.”

“ನಾನು ಕೇಳಿದ್ದು ಅದಲ್ಲ.”

ನೀಟ್ ಕೋಚಿಂಗಿನ ಒಂದು ಬ್ಯಾಚಿಗೆ ಕೋಣೆ ಸಾಲುತ್ತಿರಲಿಲ್ಲ. ಆಡಳಿತ ಮಂಡಳಿಯ ಕಣ್ಣು ನನ್ನ ಫ್ರೆಂಚ್ ಕೋಣೆಯ ಮೇಲೆ ಬಿದ್ದಿತ್ತು. ಮಾತಾಡಲು ಬಾರದ ಭಾಷೆಗೆ ಒಂದು ಕೋಣೆ ಯಾಕೆ ಎಂಬುದು ಅವರ ಪ್ರಶ್ನೆ. ಸದಾಶಿವ ಸರ್ ಒಂದು ದಾರಿ ಹುಡುಕಿದ್ದರು. ಹೊರಗಿನ ಸಂಸ್ಥೆಯೊಂದು ನಡೆಸುವ ಫ್ರೆಂಚ್ ಸರ್ಟಿಫಿಕೇಟ್ ಪರೀಕ್ಷೆಗೆ ಮಕ್ಕಳನ್ನು ಕೂರಿಸುವುದು. ಅದರಲ್ಲಿ ಮಾತಿನ ಪರೀಕ್ಷೆ ಉಂಟು. ಪಾಸಾದರೆ ಫ್ರೆಂಚ್ ಉಳಿಯುತ್ತದೆ. ಇಲ್ಲದಿದ್ದರೆ ಮುಂದಿನ ವರ್ಷದಿಂದ ಎಡ್ಮಿಶನ್ ನಿಲ್ಲಿಸುವುದು, ನಿವೃತ್ತಿಯವರೆಗೆ ನಾನು ಲೈಬ್ರರಿಯಲ್ಲಿ ಕುಳಿತುಕೊಳ್ಳುವುದು.

ನನಗೆ ಭಯವಾಯಿತು. ಲೈಬ್ರರಿಯ ಭಯ ಅಲ್ಲ. ಆ ಕೋಣೆ ಹೋದರೆ, ನೀನು ಇಷ್ಟು ವರ್ಷ ಏನು ಮಾಡಿದೆ ಎಂದು ಯಾರಾದರೂ ಕೇಳಿದರೆ ತೋರಿಸಲು ನನ್ನ ಹತ್ತಿರ ಬೇರೇನೂ ಇರಲಿಲ್ಲ.

ಹೇಗೋ ಏಳೆಂಟು ತಿಂಗಳು ಮಾತು ಕಲಿಸಿದೆ. ಪುದುಚೇರಿಯಿಂದ ಪರೀಕ್ಷಕಿ ಬಂದರು, ಮದಾಂ ಕ್ಲೇರ್. ಫ್ರಾನ್ಸಿನಲ್ಲೇ ಹುಟ್ಟಿ ಬೆಳೆದು ಈಚೆಗೆ ಇಲ್ಲಿಗೆ ಬಂದವರು. ಒಳಗೆ ಅವರೊಬ್ಬರೇ, ಎದುರಿಗೆ ಒಬ್ಬ ವಿದ್ಯಾರ್ಥಿ. ಮೇಜಿನ ಮೇಲಿನ ಚೀಟಿಯಲ್ಲಿ ಸನ್ನಿವೇಶ ಬರೆದಿರುತ್ತದೆ: ನೀವು ಗೆಳೆಯನ ಮನೆಗೆ ಹೋಗಿದ್ದೀರಿ, ಗೆಳೆಯನ ತಾಯಿ ನಿಮಗೆ ಕೇಕ್ ಕೊಡುತ್ತಾರೆ, ಎಂಟು ನಿಮಿಷ ಸಂಭಾಷಿಸಿ. ತಾಯಿಯ ಪಾತ್ರ ಮದಾಂ ಅವರದ್ದು. ಹದಿನೇಳು ಮಕ್ಕಳು ಹೊರಗೆ ಸಾಲಾಗಿ ನಿಂತಿದ್ದರು. ಸದಾಶಿವ ಸರ್ ಗಡಿಯಾರ ಹಿಡಿದು ನಿಂತಿದ್ದರು.

ಮೊದಲು ಹೋದವನು ಫರಂಗಿಪೇಟೆಯ ನೌಶಾದ್. ಎರಡೇ ನಿಮಿಷದಲ್ಲಿ ಹೊರಗೆ ಬಂದ.

“ಎಂತಾಯ್ತಾ?” ಎಂದೆ.

“ಈಸಿ ಮೇಡಂ. ಕೇಕ್ ಬೇಕಾ ಕೇಳಿದ್ರು. ಬೇಡ, ಈಗ ಊಟ ಆಯ್ತಷ್ಟೆ ಹೇಳಿದೆ.”

“ಮತ್ತೆ?”

“ಮತ್ತೆ ಅವರು ಸುಮ್ಮನಾದ್ರು. ನಾನೂ ಸುಮ್ಮನಾದೆ.”

“ಮತ್ತೆ?”

“ಮತ್ತೆ ಅವರು ಥ್ಯಾಂಕ್ಯೂ ಹೇಳಿದ್ರು.”

ಅವನು ಹೇಳಿದ ವಾಕ್ಯವನ್ನು ನನ್ನೆದುರು ಮತ್ತೊಮ್ಮೆ ಹೇಳಿಸಿದೆ. ಒಂದೂ ತಪ್ಪಿಲ್ಲ. ಈಗಷ್ಟೇ ಆದದ್ದನ್ನು ಹೇಳುವ ಕಾಲವನ್ನು ನಾನು ಒಂದು ವಾರ ಕಲಿಸಿದ್ದೆ, ಅದನ್ನು ಸರಿಯಾಗಿ ಹಾಕಿದ್ದ. ಬೆನ್ನು ತಟ್ಟಿ ಕಳಿಸಿದೆ. ಆಮೇಲೆ ಹೋದ ಹದಿನಾರು ಮಂದಿಯೂ ಹೀಗೆಯೇ. ಒಬ್ಬಳಿಗೆ ಹೊಟ್ಟೆ ತುಂಬಿತ್ತು, ಒಬ್ಬನಿಗೆ ಮನೆಯಲ್ಲಿ ಕಾಯುತ್ತಿದ್ದರು, ಒಬ್ಬನಿಗೆ ಸಿಹಿ ಆಗುತ್ತಿರಲಿಲ್ಲ. ಎಲ್ಲ ಶುದ್ಧ ಫ್ರೆಂಚಿನಲ್ಲಿ. ಮೂವತ್ತೆಂಟು ನಿಮಿಷದಲ್ಲಿ ಇಡೀ ಪರೀಕ್ಷೆ ಮುಗಿಯಿತು. “ಇಷ್ಟು ಶಿಸ್ತಿನ ಪರೀಕ್ಷೆ ನಾನು ನೋಡಿಲ್ಲ ಮೇಡಂ!” ಎಂದು ಸದಾಶಿವ ಸರ್ ಎಲ್ಲರೆದುರು ಹೊಗಳಿದರು. ಸಮಯ ಉಳಿಯಿತು ಅಂತ ಮದಾಂ ಕ್ಲೇರ್ ಸಾವಿರ ಕಂಬದ ಬಸದಿ ನೋಡಲು ಹೋದರು.

ಫಲಿತಾಂಶ ಬಂತು. ಹದಿನೇಳರಲ್ಲಿ ಹನ್ನೊಂದು ಮಂದಿ ಫೇಲು, ಬೇಡ ಎನ್ನಲು ಉದ್ದುದ್ದ ಕಾರಣ ಹೇಳಿದ ಆರು ಮಂದಿ ಹೇಗೋ ದಾಟಿದ್ದರು. ಕೆಳಗೆ ಪರೀಕ್ಷಕಿಯ ಷರಾ: ‘ಅಭ್ಯರ್ಥಿಗಳು ವಿನಯವಂತರು. ವ್ಯಾಕರಣ ಶುದ್ಧ. ಆದರೆ ಯಾರಿಗೂ ಹಸಿವಿಲ್ಲ.’

ಸದಾಶಿವ ಸರ್ ಅದನ್ನು ಮೂರು ಸಲ ಓದಿದರು. “ಎಂತ ಮೇಡಂ ಇದು? ಹಾಸ್ಟೆಲಿನ ಊಟ ಜಾಸ್ತಿ ಆಗಿದೆಯಾ?” ಎಂದು ಕೇಳಿದರು. ನನ್ನ ಮುಖ ನೋಡಿ ಪಾಪ ಕಂಡಿರಬೇಕು. ಇನ್ನೊಂದು ವರ್ಷ ಕೊಟ್ಟರು. ಅದೇ ಕೊನೆಯ ವರ್ಷ, ಫ್ರೆಂಚಿಗೂ ನನಗೂ.

ಆ ರಜೆಯಲ್ಲಿ ಶ್ರಾವ್ಯಳ ಅಪ್ಪ ಟಿ.ಸಿ. ಕೇಳಿ ಫೋನ್ ಮಾಡಿದರು. ಶ್ರಾವ್ಯ ಮುಂಡಾಜೆಯವಳು, ಹಾಸ್ಟೆಲಿನಲ್ಲಿ ಇದ್ದು ಓದುತ್ತಿದ್ದಳು. ನನ್ನ ತರಗತಿಯಲ್ಲಿ ಅವಳಷ್ಟು ಚೆನ್ನಾಗಿ ಫ್ರೆಂಚ್ ಬರುವವರು ಇರಲಿಲ್ಲ, ಅವಳೂ ಫೇಲಾಗಿದ್ದಳು. ಅಪ್ಪ ಕುಶಾಲಪ್ಪಣ್ಣನಿಗೆ ಚಾರ್ಮಾಡಿ ರಸ್ತೆಯ ಬದಿಯಲ್ಲಿ ರಬ್ಬರ್ ಶೀಟ್ ಖರೀದಿಯ ಅಂಗಡಿ. ಮಗಳನ್ನು ಮನೆಯ ಹತ್ತಿರದ ಕಾಲೇಜಿಗೆ ಹಾಕುವ ಆಲೋಚನೆ ಅವರದ್ದು. ಇವಳೂ ಹೋದರೆ ನನ್ನ ಕೋಣೆಯ ಕತೆ ಅಷ್ಟೇ. ಬೆಳಿಗ್ಗೆ ತಿಂಡಿಯನ್ನೂ ತಿನ್ನದೆ ಬಸ್ ಹಿಡಿದೆ. ಬೆಳ್ತಂಗಡಿ ದಾಟಿ ಮುಂಡಾಜೆಯಲ್ಲಿ ಇಳಿಯುವಾಗ ಹತ್ತೂವರೆ ಆಗಿತ್ತು, ಹೊಟ್ಟೆಯಲ್ಲಿ ಹುಲಿ ಕುಣಿಯುತ್ತಿತ್ತು.

ಮನೆಯ ಒಳಗಿನವರೆಗೂ ರಬ್ಬರ್ ಶೀಟಿನ ವಾಸನೆ. ಶ್ರಾವ್ಯಳ ಅಮ್ಮ ನನ್ನನ್ನು ಕೂರಿಸಿದರು. ನೀರುದೋಸೆ, ಕೋಳಿ ಸುಕ್ಕ ತಂದು ಮುಂದಿಟ್ಟರು.

“ಅಯ್ಯೋ ಬೇಡ ಅಕ್ಕ, ನಾನು ತಿಂಡಿ ಮಾಡಿಯೇ ಬಂದದ್ದು” ಎಂದೆ.

“ಅಷ್ಟು ದೂರದಿಂದ ಬಂದಿದ್ದೀರಿ, ಎರಡೇ ಎರಡು.”

“ಖಂಡಿತ ಬೇಡ. ಹೊಟ್ಟೆ ತುಂಬ ಉಂಟು.”

“ನೀವು ತಿನ್ನದಿದ್ರೆ ನಮಗೆ ಬೇಜಾರಾಗ್ತದೆ.”

“ಹಾಗಾದ್ರೆ ಒಂದು ಹಾಕಿ” ಎಂದು ಏಳು ತಿಂದೆ. ಐದನೆಯದೋ ಆರನೆಯದೋ ತಿನ್ನುವಾಗ ಇದ್ದಕ್ಕಿದ್ದಂತೆ ಕೈ ನಿಂತಿತು. ದೋಸೆ ತರುತ್ತಿದ್ದ ಶ್ರಾವ್ಯಳನ್ನು ಕರೆದೆ.

“ಶ್ರಾವ್ಯ, ನಾನು ಮೊದಲ ಸಲ ಬೇಡ ಅಂದಾಗ ನಿನ್ನ ಅಮ್ಮ ತಟ್ಟೆ ತೆಗೆದಿದ್ದರೆ ಏನಾಗ್ತಿತ್ತು?”

“ಹಾಗೆ ಯಾರಾದ್ರೂ ತೆಗೀತಾರಾ ಮೇಡಂ?” ಎಂದವಳು ದೋಸೆಯ ತಟ್ಟೆ ಹಿಡಿದುಕೊಂಡೇ ನಿಂತುಬಿಟ್ಟಳು. ಆಮೇಲೆ, “ಅಯ್ಯೋ ದೇವರೇ. ಅವರು ತೆಗೆದ್ರು ಮೇಡಂ” ಎಂದಳು.

ಹದಿನೇಳು ಮಕ್ಕಳೂ ಎರಡನೇ ಸಲ ಕೇಳುತ್ತಾರೆ ಅಂತ ಕಾದಿದ್ದಾರೆ. ಮೂರನೇ ಸಲಕ್ಕೆ ಒಪ್ಪಿ, ಆಮೇಲೆ ಕಲಿತದ್ದನ್ನೆಲ್ಲ ಮಾತಾಡುವ ಅಂತ ಸಿದ್ಧವಾಗಿ ಕುಳಿತಿದ್ದಾರೆ. ಮದಾಂ ಕ್ಲೇರ್‌ಗೆ ಅದು ಹೇಗೆ ಗೊತ್ತಾಗಬೇಕು! ಅವರ ಊರಿನಲ್ಲಿ ಬೇಡ ಅಂದರೆ ಬೇಡ. ಹಾಗೆ ನೋಡಿದರೆ ಮೂವತ್ತು ವರ್ಷ ಫ್ರೆಂಚ್ ಪುಸ್ತಕ ತಿರುವಿದ ನನಗೂ ಅದು ಹೊಳೆದಿರಲಿಲ್ಲ. ಕುಶಾಲಪ್ಪಣ್ಣನಿಗೆ ವಿಷಯ ವಿವರಿಸಿ, ಒಂದು ವರ್ಷ ಮಗಳನ್ನು ಬಿಡಿ ಎಂದು ಕೇಳಿಕೊಂಡೆ.

“ಅಂದ್ರೆ ಕೊಟ್ಟದ್ದನ್ನು ತಿನ್ಲಿಕ್ಕೆ ಕಲಿಸುವುದಾ ಈ ವರ್ಷ?” ಎಂದು ಕೇಳಿದರು.

“ಹೌದು.”

“ಅದಕ್ಕೆ ಕಾಲೇಜು ಬೇಕಾ ಮೇಡಂ?” ಎಂದು ನಕ್ಕರು. ಆದರೆ ಟಿ.ಸಿ. ಮಾತು ಮತ್ತೆ ಎತ್ತಲಿಲ್ಲ.

ಜೂನ್ ತಿಂಗಳಲ್ಲಿ ಹೊಸ ಪಾಠ ಶುರುವಾಯಿತು. ಅಟೆಂಡರ್ ಮೋನಪ್ಪಣ್ಣ ಕ್ಯಾಂಟೀನಿನಿಂದ ಒಂದು ತಟ್ಟೆ ಗೋಳಿಬಜೆ ತಂದು ಪ್ರತಿಯೊಬ್ಬರ ಮುಂದೆ ಹಿಡಿಯಬೇಕು, ಮಕ್ಕಳು ಮೊದಲ ಸಲಕ್ಕೇ ಫ್ರೆಂಚಿನಲ್ಲಿ ಹೌದು ಎಂದು ತೆಗೆದುಕೊಳ್ಳಬೇಕು. ಇಷ್ಟೇ. ಸುಲಭ ಅಂತ ನಿಮಗೆ ಕಾಣುತ್ತದೆ. ಮೊದಲ ದಿನ ಆ ತಟ್ಟೆ ಹೋದ ಹಾಗೆಯೇ ವಾಪಸು ಬಂತು. ಬಾಯಿ ಹೌದು ಎಂದರೆ ಕೈ ಹಿಂದೆ ಹೋಗುತ್ತಿತ್ತು. ಎರಡನೇ ದಿನ ಒಬ್ಬಳು ಕಣ್ಣು ಮುಚ್ಚಿಕೊಂಡು ತೆಗೆದಳು. ನೌಶಾದ್ ತೆಗೆದುಕೊಂಡು ತಿನ್ನಲಾಗದೆ ಜೇಬಿಗೆ ಹಾಕಿಕೊಂಡ. “ಎಂತೋ ಕದ್ದ ಹಾಗೆ ಆಗ್ತದೆ ಮೇಡಂ” ಎಂದ. ಮಕ್ಕಳಿಗೆ ಮಾದರಿ ತೋರಿಸಲು ನಾನು ಮೋನಪ್ಪಣ್ಣನಿಗೇ ತಟ್ಟೆ ಹಿಡಿದೆ. “ಬೊಡ್ಚಿ ಮೇಡಂ, ಬೊಡ್ಚಿ” ಎಂದು ತುಳುವಿನಲ್ಲಿ ಬೇಡ ಬೇಡ ಎನ್ನುತ್ತ ಅವರು ಬಾಗಿಲಿನವರೆಗೆ ಹಿಂದೆ ಹೋದರು.

ಆಗಸ್ಟಿನ ಹೊತ್ತಿಗೆ ದಾರಿಗೆ ಬಂದರು. ಹೌದು ಎನ್ನುವುದು, ತೆಗೆದುಕೊಳ್ಳುವುದು, ಬಹಳ ರುಚಿಯಾಗಿದೆ ಎನ್ನುವುದು, ಇದನ್ನು ಹೇಗೆ ಮಾಡಿದಿರಿ ಎಂದು ಕೇಳುವುದು, ಇನ್ನೊಂದು ಸಿಗಬಹುದೇ ಎನ್ನುವುದು. ಅಕ್ಟೋಬರಿಗೆ ನಿಲ್ಲಿಸಲು ಆಗದಷ್ಟು ಚೆನ್ನಾಗಿ ಕಲಿತಿದ್ದರು. ಅಲ್ಲಿಂದ ಶುರುವಾಯಿತು ನೋಡಿ ಮನೆಯವರ ಫೋನು.

ನೌಶಾದ್ ತನ್ನ ಉಮ್ಮನ ಜೊತೆ ನೆಂಟರ ಮನೆಗೆ ಹೋದವನು ಬಿರಿಯಾನಿ ಬೇಕಾ ಎಂದು ಕೇಳಿ ಮುಗಿಸುವ ಮೊದಲೇ ಬೇಕು ಎಂದನಂತೆ. ತಿಂದು, ಹೊಗಳಿ, ಮಾಡುವ ವಿಧಾನ ಕೇಳಿ, ಇನ್ನೂ ಇದೆಯಾ ಎಂದು ವಿಚಾರಿಸಿದನಂತೆ. “ನಾವು ಇವನಿಗೆ ಮನೆಯಲ್ಲಿ ಏನೂ ಕೊಡುದಿಲ್ಲ ಅಂತ ಜನ ಗ್ರಹಿಸುದಿಲ್ವಾ ಮೇಡಂ?” ಎಂದು ಆ ತಾಯಿ ಅಳುವ ದನಿಯಲ್ಲಿ ಕೇಳಿದರು. ಇನ್ನೊಬ್ಬ ಹುಡುಗಿ ಅಣ್ಣನಿಗೆ ಹೆಣ್ಣು ನೋಡಲು ಹೋದ ಮನೆಯಲ್ಲಿ, ಹಿರಿಯರು ಇನ್ನೂ ಮೊದಲ ಸುತ್ತಿನ ‘ಬೇಡ’ದಲ್ಲಿ ಇರುವಾಗಲೇ ಎರಡು ತಟ್ಟೆ ಶಿರಾ ಮುಗಿಸಿದ್ದಳು. ಹೆಣ್ಣಿನ ಕಡೆಯವರು, ಮಗಳು ಆ ಮನೆಯಲ್ಲಿ ಉಪವಾಸ ಬೀಳುತ್ತಾಳೋ ಏನೋ ಎಂದು ಒಂದು ವಾರ ಉತ್ತರವನ್ನೇ ಹೇಳಲಿಲ್ಲವಂತೆ.

ಎಂಟು ಜನ ತಂದೆತಾಯಿಗಳು ಒಟ್ಟಿಗೆ ಬಂದು ಪ್ರಿನ್ಸಿಪಾಲರ ಕೋಣೆಯಲ್ಲಿ ಕುಳಿತರು. ಸದಾಶಿವ ಸರ್ ಅವರಿಗೆ ಕಾಫಿ ತರಿಸಿದರು. ಎಂಟೂ ಜನ ಬೇಡ ಎಂದರು. ಸರ್ ಮತ್ತೆ ಕೇಳಿದರು, ಮತ್ತೆ ಬೇಡ ಎಂದರು. ಮೂರನೇ ಸಲಕ್ಕೆ ಕುಡಿದರು. ಇಷ್ಟು ಹೊತ್ತಿನಲ್ಲಿ ಸರ್‌ಗೆ ನನ್ನ ಕಷ್ಟ ಅರ್ಥವಾಯಿತು ಎಂದು ಕಾಣುತ್ತದೆ. ಮರುದಿನ ನೋಟಿಸ್ ಬೋರ್ಡಿನಲ್ಲಿ ಅವರದೇ ಸಹಿಯ ಸೂಚನೆ ಬಂತು: ‘ಫ್ರೆಂಚ್ ವಿದ್ಯಾರ್ಥಿಗಳು ತಿಂಡಿ ತೀರ್ಥಗಳನ್ನು ಒಂದನೇ ಸಲಕ್ಕೆ ಒಪ್ಪಿಕೊಳ್ಳುವುದನ್ನು ಕಾಲೇಜಿನ ಆವರಣದೊಳಗೆ ಮಾತ್ರ ಮಾಡತಕ್ಕದ್ದು.’

ಫೆಬ್ರವರಿಯಲ್ಲಿ ಮದಾಂ ಕ್ಲೇರ್ ಮತ್ತೆ ಬಂದರು. ಈ ಸಲ ಹತ್ತೊಂಬತ್ತು ಮಕ್ಕಳು, ಹೋದ ವರ್ಷ ಫೇಲಾದ ಹನ್ನೊಂದು ಮಂದಿಯೂ ಸೇರಿ. ಚೀಟಿಯಲ್ಲಿ ಅದೇ ತರಹದ ಸನ್ನಿವೇಶ, ಕೇಕಿನ ಬದಲು ಬಿಸ್ಕೆಟ್. ನಿಜವಾದ ಬಿಸ್ಕೆಟ್ಟನ್ನೇ ತಟ್ಟೆಯಲ್ಲಿ ಹಾಕಿ ನಾನು ಮೇಜಿನ ಮೇಲಿಟ್ಟಿದ್ದೆ. ನೌಶಾದ್ ಹತ್ತು ನಿಮಿಷ ತೆಗೆದುಕೊಂಡು, ತುಟಿಯ ಮೇಲೆ ಬಿಸ್ಕೆಟಿನ ಪುಡಿ ಹಚ್ಚಿಕೊಂಡು ಹೊರಗೆ ಬಂದ. ನಂತರದವರೂ ಹಾಗೆಯೇ. ಮಧ್ಯಾಹ್ನ ಒಂದಾಯಿತು, ಎರಡಾಯಿತು. ಮೋನಪ್ಪಣ್ಣ ಎರಡು ಸಲ ಬಿಸ್ಕೆಟ್ ತರಲು ಹೋದರು. ಸದಾಶಿವ ಸರ್ ಗಡಿಯಾರ ನೋಡಿ ನೋಡಿ ಕೈ ಇಳಿಸುವುದನ್ನೇ ಬಿಟ್ಟರು.

ಕೊನೆಯವಳು ಶ್ರಾವ್ಯ. ನಾನು ಕಿಟಕಿಯ ಹತ್ತಿರ ನಿಂತಿದ್ದೆ, ಹಾಗೆ ನಿಲ್ಲಬಾರದು, ಆದರೂ ನಿಂತಿದ್ದೆ. ಮದಾಂ ಕ್ಲೇರ್ ತಟ್ಟೆ ಮುಂದೆ ಸರಿಸಿ ಬಿಸ್ಕೆಟ್ ಬೇಕಾ ಎಂದು ಕೇಳಿದರು.

“ನೋಂ, ಮೆರ್ಸಿ” ಎಂದಳು ಶ್ರಾವ್ಯ. ಬೇಡ, ಥ್ಯಾಂಕ್ಸ್.

ಒಂದು ವರ್ಷದ ಗೋಳಿಬಜೆಯೆಲ್ಲ ನೀರಿನಲ್ಲಿ ಹೋಯಿತು ಎಂದುಕೊಂಡೆ. ಮದಾಂ ಕ್ಲೇರ್ ತಲೆಯಾಡಿಸಿ ಪೆನ್ನು ಎತ್ತಿಕೊಂಡರು. ಹೋದ ವರ್ಷ ಹದಿನೇಳು ಸಲ ಆದ ಹಾಗೆ ಸುಮ್ಮನಾದರು. ಶ್ರಾವ್ಯ ಸುಮ್ಮನಾಗಲಿಲ್ಲ.

“ಮದಾಂ, ನೀವು ಈಗ ಇನ್ನೊಮ್ಮೆ ಕೇಳಬೇಕು” ಎಂದಳು, ಫ್ರೆಂಚಿನಲ್ಲಿ.

“ಯಾಕೆ?”

“ನಮ್ಮ ಊರಿನಲ್ಲಿ ಮೊದಲ ಸಲಕ್ಕೆ ಒಪ್ಪಿದರೆ, ನಾವು ತಿನ್ನಲಿಕ್ಕೇ ಬಂದವರು ಅಂತ ಮನೆಯವರು ತಿಳಿಯುತ್ತಾರೆ. ನೀವು ಒಂದೇ ಸಲ ಕೇಳಿ ಬಿಟ್ಟರೆ, ನಿಮಗೆ ಕೊಡಲು ಮನಸ್ಸಿಲ್ಲ ಅಂತ ನಾವು ತಿಳಿಯುತ್ತೇವೆ.”

ಮದಾಂ ಕ್ಲೇರ್ ಪೆನ್ನು ಕೆಳಗಿಟ್ಟರು. ಮತ್ತೆ ಕೇಳಿದರು. ಶ್ರಾವ್ಯ ಅಮ್ಮ ಊಟಕ್ಕೆ ಕಾಯುತ್ತಾರೆ ಎಂದಳು. ಅಮ್ಮ ಏನು ಅಡುಗೆ ಮಾಡಿದ್ದಾರೆ ಎಂದು ಅವರು ಕೇಳಿದರು. ನೀರುದೋಸೆಗೆ ಅಕ್ಕಿ ನೆನೆಸುವಲ್ಲಿಂದ ಶುರುಮಾಡಿ ಇವಳು ಹೇಳಿದಳು. ಮೂರನೇ ಸಲ ಏನು ಹೇಳಬೇಕು ಎಂದು ಮದಾಂ ಅವರೇ ವಿಚಾರಿಸಿದರು. ನೀವು ತಿನ್ನದಿದ್ದರೆ ನನಗೆ ಬೇಸರವಾಗುತ್ತದೆ ಎನ್ನಬೇಕು ಎಂದು ಇವಳು ಹೇಳಿಕೊಟ್ಟಳು. ಮದಾಂ ಕ್ಲೇರ್ ಎದೆಯ ಮೇಲೆ ಕೈಯಿಟ್ಟು ಹಾಗೆಯೇ ಅಂದರು. ಶ್ರಾವ್ಯ ಬಿಸ್ಕೆಟ್ ತೆಗೆದುಕೊಂಡಳು. ಅವಳ ಮಾತಿನಲ್ಲಿ ಬಂದ ಕ್ರಿಯಾರೂಪಗಳನ್ನು ನಾನು ನಾಲ್ಕರವರೆಗೆ ಎಣಿಸಿದೆ, ಆಮೇಲೆ ಕಣ್ಣು ಮಂಜಾಗಿ ಎಣಿಸಲಾಗಲಿಲ್ಲ. ನಮ್ಮ ಅಭ್ಯಾಸವನ್ನು ಮುಚ್ಚಿಡಲು ನಾನು ಒಂದು ವರ್ಷ ಕಲಿಸಿದ್ದೆ. ಅವಳು ಅದನ್ನೇ ಬಿಚ್ಚಿ ಫ್ರೆಂಚಿನಲ್ಲಿ ಹೇಳಿದ್ದಳು. ನನಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು.

“ಇದು ಮುಗಿಯುವ ಲಕ್ಷಣ ಉಂಟಾ ಮೇಡಂ?” ಎಂದು ಸದಾಶಿವ ಸರ್ ಹಿಂದಿನಿಂದ ಪಿಸುಗುಟ್ಟಿದರು. ಇಪ್ಪತ್ತೊಂದು ನಿಮಿಷ ಆಗಿತ್ತಂತೆ.

ಮದಾಂ ಕ್ಲೇರ್ ಹೊರಗೆ ಬಂದವರು ನೇರವಾಗಿ ನನ್ನ ಹತ್ತಿರ ಬಂದು ಕೇಳಿದರು, “ಹೋದ ವರ್ಷದ ಆ ಹದಿನೇಳು ಮಕ್ಕಳು?”

“ನೀವು ಎರಡನೇ ಸಲ ಕೇಳುತ್ತೀರಿ ಅಂತ ಕಾಯುತ್ತಿದ್ದರು ಮದಾಂ” ಎಂದೆ. ಅವರು ಹಣೆಗೆ ಕೈ ಹಚ್ಚಿಕೊಂಡು ಅಲ್ಲೇ ಬೆಂಚಿನ ಮೇಲೆ ಕುಳಿತರು.

ಹತ್ತೊಂಬತ್ತರಲ್ಲಿ ಹದಿನೆಂಟು ಪಾಸು. ಫೇಲಾದವನು ನಮ್ಮ ತರಬೇತಿಯನ್ನು ಅತಿಯಾಗಿ ನಂಬಿದವನು. ಬಿಸ್ಕೆಟ್ ಹಳಸಿದೆಯಾ ಎಂದು ಕೇಳಿದ್ದಕ್ಕೂ ಹೌದು, ಇನ್ನೊಂದು ಕೊಡಿ ಎಂದಿದ್ದ. ಕೋಚಿಂಗ್ ಬ್ಯಾಚಿಗೆ ಲೈಬ್ರರಿಯ ಪಕ್ಕದ ಕೋಣೆ ಸಿಕ್ಕಿತು. ಫ್ರೆಂಚ್ ಕೋಣೆ ಫ್ರೆಂಚಿಗೇ ಉಳಿಯಿತು. ನಾನು ನಿವೃತ್ತಳಾಗುವ ದಿನವೂ ಬಂತು.

ನಮ್ಮ ಕಾಲೇಜಿನ ಬೀಳ್ಕೊಡುಗೆಗೆ ಒಂದು ಪದ್ಧತಿ ಇದೆ. ಶಾಲು, ಹಣ್ಣಿನ ಬುಟ್ಟಿ ಆದ ಮೇಲೆ ಪ್ರಿನ್ಸಿಪಾಲರು ಮೈಕಿನಲ್ಲಿ, ಇವರು ಇನ್ನೂ ಎರಡು ವರ್ಷ ನಮ್ಮ ಜೊತೆ ಇರಬೇಕು ಎಂಬುದು ನನ್ನ ಆಸೆ ಎನ್ನುತ್ತಾರೆ. ನಿವೃತ್ತರಾದವರು ಕೈ ಮುಗಿದು, ಬೇಡ ಸರ್, ನಮಗೂ ವಯಸ್ಸಾಯಿತು, ಹೊಸಬರು ಬರಲಿ ಎನ್ನುತ್ತಾರೆ. ಎಲ್ಲರೂ ಚಪ್ಪಾಳೆ ತಟ್ಟಿ ಊಟಕ್ಕೆ ಹೋಗುತ್ತಾರೆ. ಕೆಮಿಸ್ಟ್ರಿಯವರೂ ಹಾಗೆಯೇ ಹೋದದ್ದು, ಎಕನಾಮಿಕ್ಸಿನವರೂ ಹಾಗೆಯೇ. ನನ್ನ ಜಾಗಕ್ಕೆ ನೇಮಕವಾದ ಹುಡುಗಿ ಆಗಲೇ ಎರಡನೇ ಸಾಲಿನಲ್ಲಿ ಕುಳಿತಿದ್ದಳು. ನಾನೂ ಉತ್ತರವನ್ನು ಚೀಟಿಯಲ್ಲಿ ಬರೆದು ತಂದಿದ್ದೆ.

“ಜಯಂತಿ ಮೇಡಂ ಇನ್ನೂ ಎರಡು ವರ್ಷ ನಮ್ಮ ಜೊತೆ ಇರಬೇಕು ಎಂಬುದು ನನ್ನ ಆಸೆ” ಎಂದರು ಸದಾಶಿವ ಸರ್.

ನಾನು ಮೈಕಿನ ಮುಂದೆ ಹೋಗಿ ಚೀಟಿ ಬಿಡಿಸಿದೆ. ಇದಕ್ಕೆ ಎರಡನೇ ಸಲ ಯಾರೂ ಕೇಳುವುದಿಲ್ಲ ಎಂದು ಆ ಕ್ಷಣ ತಲೆಗೆ ಬಂತು. ಬೇಡ ಎಂದರೆ ಬೇಡ. ಊಟ ಮಾಡಿ, ಬುಟ್ಟಿ ಹಿಡಿದುಕೊಂಡು ಸಿದ್ಧಕಟ್ಟೆಯ ಬಸ್ ಹತ್ತಿ, ದಾರಿಯುದ್ದಕ್ಕೂ ಅಳುವುದು ಅಷ್ಟೇ. ನನಗೆ ಹೋಗಲು ಮನಸ್ಸಿರಲಿಲ್ಲ. ಸ್ವಲ್ಪವೂ ಇರಲಿಲ್ಲ.

“ಆಗಬಹುದು ಸರ್. ಇರ್ತೇನೆ” ಎಂದೆ.

ಸಭೆಯಲ್ಲಿ ಚಪ್ಪಾಳೆಗೆ ಎತ್ತಿದ ಕೈಗಳು ಹಾಗೆಯೇ ನಿಂತವು. ಸದಾಶಿವ ಸರ್ ಗಡಿಯಾರ ನೋಡಿದರು, ಅದರಲ್ಲಿ ಉತ್ತರ ಇರಲಿಲ್ಲ. ಹತ್ತಿರ ಬಂದು ಮೈಕಿಗೆ ಅಂಗೈ ಅಡ್ಡ ಹಿಡಿದರು.

“ಮೇಡಂ, ನಾನು ಸುಮ್ಮನೆ ಕೇಳಿದ್ದು.”

“ಗೊತ್ತುಂಟು ಸರ್” ಎಂದೆ. “ಆದ್ರೆ ನಾನು ಸುಮ್ಮನೆ ಹೇಳಿದ್ದಲ್ಲ.”

ಪ್ರತಿ ಶನಿವಾರದ ಎರಡು ಪೀರಿಯಡ್ ಮಾತಿನ ತರಗತಿ ನನಗೆ ಸಿಕ್ಕಿದ್ದು ಹಾಗೆ.